ಪಿವಿಎ ಜೆಲ್ ಥರ್ಮೋಸೆಲ್: ಬಿಸಿ ತೆಗೆದರೂ 290 ಮಿಲಿವೋಲ್ಟ್ ಹಾಗೇ ಇದೆ, ಯಾಕೆ?

ತಂತಿಪೆಟ್ಟಿಗೆ:
ಸೋಲಾರ್ ವಾಟರ್ ಹೀಟರಿನ ಪೈಪಿನ ಬಿಸಿಯಿಂದ ಸ್ವಲ್ಪ ಕರೆಂಟ್ ತೆಗೆಯೋಣ ಅಂತ ಒಂದು ಥರ್ಮೋಸೆಲ್, ಅಂದರೆ ಎರಡು ಬದಿಯ ತಾಪದ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಸೆಲ್, ಮಾಡಿದ್ದೇನೆ. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಜೆಲ್, ಅದರಲ್ಲಿ ಪೊಟ್ಯಾಶಿಯಂ ಫೆರೋಸಯನೈಡ್ ಮತ್ತು ಫೆರಿಸಯನೈಡ್ ಎಂಬ ಎರಡು ಉಪ್ಪು ಸಮಸಮ. ಎರಡೂ ಕಡೆ ಗ್ರಾಫೈಟ್ ಹಾಳೆ. ಜೆಲ್ 2 ಮಿ.ಮೀ. ದಪ್ಪ. ಒಂದು ಬದಿ 55 ಡಿಗ್ರಿ, ಇನ್ನೊಂದು 30. ಮೀಟರ್ 290 ಮಿಲಿವೋಲ್ಟ್ ತೋರಿಸಿತು, ಬಿಸಿ ಬದಿ ಪ್ಲಸ್. ತುಂಬಾ ಖುಷಿಯಾಯಿತು. ಆದರೆ ಬಿಸಿ ತೆಗೆದು ಒಂದು ಗಂಟೆ ಆದರೂ ಅಷ್ಟೇ ಇದೆ! ಇವತ್ತು ತಣ್ಣನೆ ಬದಿಯ ಮೂಲೆಯಲ್ಲಿ ನೀಲಿ ಕಲೆ ಬೇರೆ ಕಾಣಿಸಿತು.

ಉಪ್ಪುನೀರು:
ಆ ಕಲೆಯಲ್ಲೇ ಉತ್ತರ ಇದೆ. ಕ್ರೊಕಡೈಲ್ ಕ್ಲಿಪ್ಪಿನ ಹಲ್ಲು ಜೆಲ್ಲಿಗೆ ತಾಗಿದೆಯಾ ನೋಡಿ. ಕ್ಲಿಪ್ಪಿನ ಕಬ್ಬಿಣ ಕರಗಿ ಈ ಉಪ್ಪಿನ ಜೊತೆ ಸೇರಿದರೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ಆಗುತ್ತದೆ. ನೀವು ಅಳೆಯುತ್ತಿರುವುದು ಬಿಸಿಯ ವೋಲ್ಟೇಜ್ ಅಲ್ಲ, ಕ್ಲಿಪ್ ಸವೆಯುತ್ತಿರುವ ವೋಲ್ಟೇಜ್.

ಲೆಕ್ಕ ಹಾಕಿ. ಈ ಎರಡು ಉಪ್ಪಿನ ಜೋಡಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಕೊಡುವುದು ಸುಮಾರು 1.4 ಮಿಲಿವೋಲ್ಟ್. ನಿಮ್ಮ 25 ಡಿಗ್ರಿ ವ್ಯತ್ಯಾಸಕ್ಕೆ 35 ಬರಬೇಕು. ಜೊತೆಗೆ ಬಿಸಿ ಬದಿ ಮೈನಸ್ ಆಗಬೇಕು, ಯಾಕೆಂದರೆ ಅಲ್ಲಿ ಫೆರೋಸಯನೈಡ್ ಎಲೆಕ್ಟ್ರಾನ್ ಬಿಡುತ್ತದೆ.

ಹೊಸ ಜೆಲ್ ಮಾಡಿ. ಗ್ರಾಫೈಟ್ ಹಾಳೆಯನ್ನು ಉದ್ದ ಬಿಟ್ಟು, ಒಣಗಿದ ತುದಿಗೆ ಕ್ಲಿಪ್ ಹಾಕಿ. ಬಿಸಿ ಕೊಡುವ ಮೊದಲು ಮೀಟರ್ ಸೊನ್ನೆಯ ಹತ್ತಿರ ಇರಲೇಬೇಕು. ಆಮೇಲೆ ಸೆಲ್ ಮಗುಚಿ ಬಿಸಿ ಮಾಡಿದರೆ ಪ್ಲಸ್ ಮೈನಸ್ ಅದಲುಬದಲಾಗಬೇಕು. ಇವೆರಡೂ ಆಗದೆ ಯಾವ ಅಂಕಿಯನ್ನೂ ನಂಬಬೇಡಿ.

ದಯವಿಟ್ಟು ಒಂದು ಮಾತು: ಹಳೇ ಜೆಲ್ಲಿಗೆ ಆ್ಯಸಿಡ್ ತಾಗಿಸಬೇಡಿ. ಹೈಡ್ರೋಜನ್ ಸಯನೈಡ್ ಎಂಬ ವಿಷಗಾಳಿ ಬರಬಹುದು. ಬಿಸಿಲಿಗೂ ಇಡಬೇಡಿ, ಬೆಳಕಿಗೆ ಉಪ್ಪು ಕೆಡುತ್ತದೆ.

ತಂತಿಪೆಟ್ಟಿಗೆ:
ಕ್ಲಿಪ್ಪಿನದೇ ತೊಂದರೆ ಸರ್! ಈಗ ಸೊನ್ನೆಯಿಂದ ಶುರುವಾಗಿ 33ಕ್ಕೆ ಏರಿತು, ಮಗುಚಿದರೆ ತಿರುಗಿತು. ಆದರೆ ಹತ್ತು ನಿಮಿಷದಲ್ಲಿ 12ಕ್ಕೆ ಇಳಿಯಿತು.

ಉಪ್ಪುನೀರು:
ಜೆಲ್ ತೆಳು, ಅದಕ್ಕೇ ಹಿಂಬದಿಯೂ ಬಿಸಿಯಾಗುತ್ತಿದೆ. ಎರಡೂ ಹಾಳೆಯ ಹತ್ತಿರ ತಾಪ ಅಳೆಯಿರಿ, ಗೊತ್ತಾಗುತ್ತದೆ. 8 ಮಿ.ಮೀ. ಮಾಡಿ, ತಣ್ಣನೆ ಬದಿಗೆ ನೀರು ತುಂಬಿದ ಅಲ್ಯೂಮಿನಿಯಂ ಡಬ್ಬಿ ಒತ್ತಿಡಿ. ನಡುವೆ ತೆಳು ಪ್ಲಾಸ್ಟಿಕ್ ಇರಲಿ. ಇನ್ನೂ ದಪ್ಪ ಮಾಡಿದರೆ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ ಕರೆಂಟ್ ಕಡಿಮೆಯಾಗುತ್ತದೆ. ಅಂಚನ್ನು ಸಿಲಿಕೋನಿನಿಂದ ಮುಚ್ಚಿ, ಇಲ್ಲದಿದ್ದರೆ ನೀರು ಆರಿಹೋಗುತ್ತದೆ.

ತಂತಿಪೆಟ್ಟಿಗೆ:
ಒಂದು ಕೆಂಪು ಎಲ್‌ಇಡಿ ಹೊತ್ತಿಸಬಹುದಾ?

ಉಪ್ಪುನೀರು:
ಅದಕ್ಕೆ ಸುಮಾರು 1.8 ವೋಲ್ಟ್ ಬೇಕು. ಸೆಲ್ಲಿಗೆ 35 ಮಿಲಿವೋಲ್ಟ್ ಅಂದರೆ 50ಕ್ಕಿಂತ ಜಾಸ್ತಿ ಸೆಲ್ ಸರಣಿಯಲ್ಲಿ ಬೇಕಾಗುತ್ತದೆ. ಮೊದಲು ನಾಲ್ಕು ಜೋಡಿಸಿ, 140 ಬರುತ್ತದಾ ನೋಡಿ ಹೇಳಿ.