ಸಹಾಯ ಬೇಕು: ಮಿಡಿ ಉಪ್ಪಿನಕಾಯಿ ವೆಬ್‌ಸೈಟ್, ಯಾವ ಕೀವರ್ಡ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಅತ್ತೆ ಮಾಡುತ್ತಾರೆ, ನಾನು ಪಾರ್ಸೆಲ್ ಕಟ್ಟುತ್ತೇನೆ. ಹೋದ ವರ್ಷ ಒಬ್ಬರ ಹತ್ತಿರ ವೆಬ್‌ಸೈಟ್ ಮಾಡಿಸಿದೆವು. ನಮ್ಮ ಹೆಸರು ಹಾಕಿ ಹುಡುಕಿದರೆ ಬರುತ್ತದೆ. 'ಮಿಡಿ ಉಪ್ಪಿನಕಾಯಿ' ಅಂತ ಹುಡುಕಿದರೆ ಮೂರನೇ ಪುಟದಲ್ಲೂ ಇಲ್ಲ.

ಮೊನ್ನೆ ಸುಮ್ನೆ ಮೌಸ್ ಎಳೆದು ಪೇಜ್ ಪೂರ್ತಿ ಸೆಲೆಕ್ಟ್ ಮಾಡಿದೆ. ಕೆಳಗೆ ಖಾಲಿ ಅಂದುಕೊಂಡಿದ್ದ ಜಾಗದಲ್ಲಿ ಬಿಳಿ ಅಕ್ಷರ! 'ಬೆಸ್ಟ್ ಪಿಕಲ್ ಶಿರಸಿ, ಬೆಸ್ಟ್ ಪಿಕಲ್ ಆನ್‌ಲೈನ್, ಬೆಸ್ಟ್ ಪಿಕಲ್ ಕರ್ನಾಟಕ' ಅಂತ ಸಾಲು ಸಾಲು. ಗೂಗಲ್ ಇದನ್ನು ಸ್ಪ್ಯಾಮ್ ಅಂತಲೇ ನೋಡುತ್ತದೆ ಅಲ್ವಾ? ಅಳಿಸಿಬಿಟ್ಟೆ. ಮೆಟಾ ಕೀವರ್ಡ್ ಜಾಗದಲ್ಲೂ (ಪೇಜಿನ ಕೋಡ್ ಒಳಗೆ, ಓದುವವರಿಗೆ ಕಾಣದ ಪದಗಳ ಪಟ್ಟಿ) ಅದನ್ನೇ ತುಂಬಿದ್ದರು. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಅದಕ್ಕೂ ದುಡ್ಡು ಕೊಟ್ಟಿದ್ದೇವೆ, ಇರಲಿ.

ಈಗ ಗೊಂದಲ ಪದಗಳದ್ದು. ಸರ್ಚ್ ಕನ್ಸೋಲ್‌ನಲ್ಲಿ (ಜನ ಯಾವ ಪದ ಹುಡುಕಿದಾಗ ನಮ್ಮ ಸೈಟ್ ಬಂತು ಅಂತ ತೋರಿಸುವ ಗೂಗಲ್ ಟೂಲ್) ನೋಡಿದರೆ ಕನ್ನಡದಲ್ಲಿ ಟೈಪ್ ಮಾಡುವವರು ಕಡಿಮೆ. ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ. ಅಪ್ಪೆಮಿಡಿಯನ್ನು ಒಬ್ಬರು ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ, ಮತ್ತೊಬ್ಬರು ಒಂದೇ 'ಪಿ' ಹಾಕಿ. ಕೆಲವರಿಗೆ ಅದು ಬರೀ 'ಟೆಂಡರ್ ಮ್ಯಾಂಗೋ ಪಿಕಲ್'.

ಇಷ್ಟೂ ಹೆಸರುಗಳಿಗೆ ಬೇರೆ ಬೇರೆ ಪೇಜ್ ಬೇಕಾ, ಅಥವಾ ಒಂದೇ ಪೇಜಿನಲ್ಲಿ ಮಾತಾಡಿದ ಹಾಗೆ ಬರೆದರೆ ಸಾಕಾ? ಟೈಟಲ್‌ನಲ್ಲಿ ಯಾವ ಹೆಸರು ಮೊದಲು ಬರಲಿ? ಕನ್ನಡ ಪೇಜ್ ಬೇರೆ ಮಾಡಿದರೆ ಹ್ರೆಫ್‌ಲ್ಯಾಂಗ್ (ಯಾವ ಪೇಜ್ ಯಾವ ಭಾಷೆಯದು ಅಂತ ಗೂಗಲ್‌ಗೆ ತಿಳಿಸುವ ಕೋಡ್) ಹಾಕಲೇಬೇಕಾ?

ಸ್ವಂತ ಅಂಗಡಿಯ ಸೈಟಿಗೆ ಮಾಡಿ ನೋಡಿದವರು ಹೇಳಿ, ಪ್ಲೀಸ್. 'ಒಂದೇ ತಿಂಗಳಲ್ಲಿ ಫಸ್ಟ್ ಪೇಜ್ ಗ್ಯಾರಂಟಿ' ಅನ್ನುವವರು ಮಾತ್ರ ಇನ್‌ಬಾಕ್ಸ್‌ಗೆ ಬರಬೇಡಿ.