“ಒಂದ ಪುಸ್ತಕಾ ಸಾಕು” ಅಂದದ್ದಕ್ಕ ಗ್ರೂಪಿನ್ಯಾಗ ಆದದ್ದು

ದೊಡ್ಡ ಕಾಕಾ ಶಹಾಪುರ: (ಫಾರ್ವರ್ಡ್) “ಅಂಬಾಸಿಡರ್ ಮಾಲೀಕರೇ, ಮೋಸ ಹೋಗಬೇಡಿ! 1957ರಿಂದ 2014ರವರೆಗಿನ ಎಲ್ಲ ಗಾಡಿಗೂ, ಅದರ ಮೂಲವಾದ ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡ್‌ನ ರಿಪೇರಿ ಮ್ಯಾನ್ಯುಅಲ್ ಒಂದೇ ಸಾಕು. ಎಲ್ಲ ಗುಂಪಿಗೂ ಕಳಿಸಿ.”

ದೊಡ್ಡ ಕಾಕಾ ಶಹಾಪುರ: ಮೆಕ್ಯಾನಿಕ್‌ಗೆ ರೊಕ್ಕಾ ಸುರೀಬ್ಯಾಡ್ರಿ ಅಂತ ಮದಲ ಹೇಳಿದ್ದೆ.

ತಮ್ಮ ಪುಣೆ: ಯಾರ ಬರದದ್ದು ಕಾಕಾ? ಯಾವ ಎಂಜಿನ್, ಯಾವ ಆವೃತ್ತಿ, ಏನೂ ಇಲ್ಲಲಾ.

ದೊಡ್ಡ ಕಾಕಾ ಶಹಾಪುರ: ಎಲ್ಲಾದಕ್ಕೂ ಪುರಾವೆ ಕೇಳ್ತಿ. ಹಿರ್ಯಾರ ಮಾತಿಗೆ ಬೆಲಿ ಇಲ್ಲ.

ಸಣ್ಣ ಕಾಕಾ ಉದ್ಯಮಬಾಗ: ಅಣ್ಣಾ, ಅರ್ಧಾ ಖರೆ. ನಮ್ಮದು 1978ರದು, 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಎಂಜಿನ್. ಎಂಜಿನ್ ಕೆಲಸಕ್ಕ ಆಕ್ಸ್‌ಫರ್ಡ್ ಸೀರೀಸ್ 3ರ ಪುಸ್ತಕಾ ನಡೀತೈತಿ. ಮದಲ ಮದಲಿನ ಗಾಡಿಗೆ 1476 ಸಿಸಿ ಸೈಡ್ ವಾಲ್ವ್ (ವಾಲ್ವ್ ಬಾಜೂಕ ಇರೂ) ಎಂಜಿನ್ ಇತ್ತು, ಅದಕ್ಕ ನಡಿಯಂಗಿಲ್ಲ. ಮುಂದ ಬಂದ 1817 ಸಿಸಿ ಇಸುಝುಕ್ಕಂತೂ ಸಂಬಂಧನ ಇಲ್ಲ, ಅದು ಓವರ್‌ಹೆಡ್ ಕ್ಯಾಮ್, ವಾಲ್ವ್ ನಡಸೂ ಕ್ಯಾಮ್ ಮ್ಯಾಲೆ ಹೆಡ್ಡಿನ್ಯಾಗ ಇರ್ತೈತಿ.

ಅಕ್ಕಾ ವಿಜಯಪುರ: ಗೋಕಾಕ ಫಾಲ್ಸ್‌ಗೆ ಅದರಾಗ ಒಂಬತ್ತ ಮಂದಿ ಹೋಗಿದ್ವಿ, ನೆನಪದನು? 😄

ತಮ್ಮ ಪುಣೆ: ಅಕ್ಕಾ, ಮ್ಯಾನ್ಯುಅಲ್ ಮಾತ ನಡದದ.

ಸಣ್ಣ ಕಾಕಾ ಉದ್ಯಮಬಾಗ: ವೈರಿಂಗ್‌ಗೆ ಮಾತ್ರ ಆ ಪುಸ್ತಕಾ ನಂಬಬ್ಯಾಡ್ರಿ. ಅದರಾಗ ಪಾಸಿಟಿವ್ ಅರ್ಥ್, ಅಂದ್ರ ಬ್ಯಾಟರಿ ಪ್ಲಸ್ ಗಾಡಿ ಬಾಡಿಗೆ. ಗಾಡಿಗೆ ಆಲ್ಟರ್ನೇಟರ್ (ಕರೆಂಟ್ ಮಾಡೂ ಯಂತ್ರ) ಕೂಡಿಸಿ ನೆಗೆಟಿವ್ ಅರ್ಥ್ ಮಾಡಿದ್ರ, ಪುಸ್ತಕಾ ನೋಡಿ ಬ್ಯಾಟರಿ ಹಚ್ಚಿದ ಕೂಡ್ಲೆ ಅದರಾಗಿನ ಡಯೋಡ್ ಸುಟ್ಟ ಹೋಗ್ತಾವು. ವೈರಿಂಗ್‌ಗೆ ಅಂಬಾಸಿಡರ್ ಮಾಡಿದ ಹಿಂದೂಸ್ತಾನ್ ಮೋಟರ್ಸ್‌ದ ಪುಸ್ತಕಾನ ಬೇಕು.

ಅಕ್ಕಾ ವಿಜಯಪುರ: ಪಾರ್ಟ್ಸ್ ಕ್ಯಾಟಲಾಗ್ ಇದ್ರ ಸಾಲಂಗಿಲ್ಲನು ಕಾಕಾ?

ಸಣ್ಣ ಕಾಕಾ ಉದ್ಯಮಬಾಗ: ಅದೂ ಬೇಕು. ಯಾವ ವಾಷರ್ ಯಾವುದರ ಹಿಂದ ಅನ್ನೂದು ಅದರ ಚಿತ್ರದಾಗ ತಿಳಿದಷ್ಟು ಎಲ್ಲೂ ತಿಳಿಯಂಗಿಲ್ಲ. ಆದ್ರ ಟಾರ್ಕ್, ಅಂದ್ರ ನಟ್ ಎಷ್ಟ ಬಿಗಿ ಮಾಡಬೇಕು ಅನ್ನೂ ಅಂಕಿ, ಅದರಾಗ ಇರಂಗಿಲ್ಲ. ಎಂಜಿನ್ ಹೆಡ್ಡಿನ ನಟ್ ಬಿಗಿ ಮಾಡೂದು ನಡುವಿಂದ ಅಂಚಿಗೆ, ಅದರ ಕ್ರಮ ವರ್ಕ್‌ಶಾಪ್ ಮ್ಯಾನ್ಯುಅಲ್‌ದಾಗ ಸಿಗ್ತೈತಿ. ವಾಲ್ವ್ ಒತ್ತೂ ರಾಕರ್ ಶಾಫ್ಟೂ ಹೆಡ್ಡಿನ ಅದ ಉದ್ದ ಸ್ಟಡ್‌ಗಳ ಮ್ಯಾಲೆ ಕುಂತಿರ್ತೈತಿ. ಅದಕ್ಕ ಹೆಡ್ ಮತ್ತ ಬಿಗಿ ಮಾಡಿದ್ರ ಟ್ಯಾಪೆಟ್ (ವಾಲ್ವ್ ಮ್ಯಾಲಿನ ಸಂದು) ಮತ್ತ ನೋಡಬೇಕು. 8ನೇ ವಾಲ್ವ್ ಪೂರಾ ತೆರದಾಗ 1ನೇದು ನೋಡಬೇಕು, 7ಕ್ಕ 2, ಹಂಗ ಎರಡೂ ನಂಬರ್ ಕೂಡಿಸಿದ್ರ 9 ಬರಬೇಕು.

ತಮ್ಮ ಪುಣೆ: ದೊಡ್ಡ ಕಾಕಾ ಕಳಿಸಿದ ಪಿಡಿಎಫ್‌ದಾಗ ಅಂಕಿನ ಕಾಣವಲ್ವು.

ಸಣ್ಣ ಕಾಕಾ ಉದ್ಯಮಬಾಗ: ಸ್ಕ್ಯಾನ್ ಆರಸೂಮುಂದ ಇಂಚು, ಎಂಎಂ ಎರಡೂ ಇದ್ದದ್ದ ಆರಸ್ರಿ. 0.015 ಇಂಚಿನ 5 ಅಳಿಸಿದ್ರೂ ಬಾಜೂಕ 0.38 ಎಂಎಂ ನೋಡಿ ತಾಳೆ ಹಾಕಬಹುದು. 40 ಪೌಂಡ್-ಫುಟ್ ಅಂದ್ರ 54 ನ್ಯೂಟನ್-ಮೀಟರ್. ಅದನ್ನ ನ್ಯೂಟನ್-ಮೀಟರ್ ಅಂತ ತಿಳಕೊಂಡ 40ಕ್ಕ ಬಿಟ್ರ ಗ್ಯಾಸ್ಕೆಟ್ ಸೋರ್ತೈತಿ. ಪಾನಾನೂ ಇಂಚಿನವ. ಅರ್ಧ ಇಂಚು 12.7 ಎಂಎಂ, 13ರ ಪಾನಾ ಹಾಕಿದ್ರ ಮೂಲಿ ಸವೀತಾವು.

ದೊಡ್ಡ ಕಾಕಾ ಶಹಾಪುರ: ಇಷ್ಟ ಗೊತ್ತಿದ್ದಾಂವ ನನ್ನ ಟಾರ್ಕ್ ರಿಂಚ್ ಯಾಕ ತಿರಗಿ ಕೊಟ್ಟಿಲ್ಲ?

ಸಣ್ಣ ಕಾಕಾ ಉದ್ಯಮಬಾಗ: ವಾಟ್ನಿ ಆಗೂಮುಂದ ಗಾಡಿ ನನಗ, ಪಾನಾ ಪೆಟ್ಟಿಗಿ ನಿನಗ ಅಂತ ನೀನ ಅಂದಿದ್ದಿ ಅಣ್ಣಾ.