ಧರೆ ಕಡಿದು ಕಟ್ಟಿದ ಮನೆ, ಹಿಂದಿನ ಗೋಡೆ ಪೂರ್ತಿ ಶೀತ. ನೀವೇನು ಮಾಡಿದಿರಿ?

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಗುಡ್ಡದ ಇಳಿಜಾರು, ಮನೆ ಹಿಂದೆಯೇ ಧರೆ, ಅಂದರೆ ಗುಡ್ಡ ಕಡಿದು ನಿಂತ ಮಣ್ಣಿನ ದಂಡೆ. ಜಂಬಿಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಗಾರೆ. ಜುಲೈ ಬಂತೆಂದರೆ ಹಿಂದಿನ ಕೋಣೆಯ ಗೋಡೆ ಮೂರಡಿ ಎತ್ತರದವರೆಗೆ ಒದ್ದೆ. ಬಟ್ಟೆಗೆಲ್ಲ ಬೂಸ್ಟು. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು. ಮರುವರ್ಷವೇ ಹಪ್ಪಳದ ಹಾಗೆ ಎದ್ದು ಬಂತು. ಅನುಭವ ಇದ್ದವರು ಹೇಳಿ.

ಸಾಗರದಿಂದ:
ಅಕ್ಕಾ, ಪೇಂಟಿಗೆ ಇನ್ನೊಂದು ರೂಪಾಯಿಯೂ ಹಾಕಬೇಡಿ. ನೀರು ಬರುವುದು ಹೊರಗಿನಿಂದ, ನಾವು ಬಣ್ಣ ಬಳಿಯುವುದು ಒಳಗೆ. ಹಿಂದಿನಿಂದ ತಳ್ಳಿದರೆ ಅದು ನಿಲ್ಲುತ್ತದಾ?

ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಹಿಂದೆ ಅರ್ಧ ಗಂಟೆ ನಿಂತು ನೋಡಿ. ನಾನು ಹಾಗೆ ನಿಂತಾಗಲೇ ಗೊತ್ತಾಗಿದ್ದು, ನಮ್ಮಲ್ಲಿ ನೀರು ಬರುವ ದಾರಿ ಒಂದಲ್ಲ ಅಂತ. ಗುಡ್ಡದ ನೀರು ಧರೆ ಮೇಲಿಂದ ನೇರ ಹಿತ್ತಿಲಿಗೆ. ಮಾಡಿನ (ಸೂರಿನ) ನೀರು ಗೋಡೆಯ ಬುಡಕ್ಕೇ. ಮಳೆ ನಿಂತು ಎರಡು ದಿನವಾದರೂ ಧರೆಯ ಬುಡದಲ್ಲಿ ಒರತೆ ಜಿನುಗುತ್ತಲೇ ಇತ್ತು.

ಮಾಡಿನದು ಸುಲಭ. ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ, ಪೈಪಿನಲ್ಲಿ ಮನೆಯ ಕೆಳಬದಿಗೆ ಬಿಟ್ಟೆವು. ಗುಡ್ಡದ ನೀರಿಗೆ ಧರೆಯ ತಲೆಯಿಂದ ಹತ್ತಡಿ ಹಿಂದೆ, ಅಡ್ಡಲಾಗಿ ಚರಂಡಿ. ತೋಟದ ಬಸಿಗಾಲುವೆ ತೆಗೆಯುವವರೇ ತೆಗೆದುಕೊಟ್ಟರು. ತಳಕ್ಕೆ ಕಾಂಕ್ರೀಟ್ ಯಾಕೆ, ಸುಮ್ನೆ ಖರ್ಚು ಎಂದು ಬಿಟ್ಟೆ. ದಡ್ಡತನ. ನೀರು ಅಲ್ಲೇ ಇಂಗಿ ಮತ್ತೆ ಧರೆಯಲ್ಲೇ ಹೊರಟಿತು. ಮರುವರ್ಷ ತಳ ಗಟ್ಟಿ ಮಾಡಿಸಬೇಕಾಯಿತು.

ಒರತೆಯೇ ನಿಜವಾದ ತಲೆನೋವು. ಗೋಡೆಯಿಂದ ಎರಡಡಿ ಬಿಟ್ಟು, ಒಳಗಿನ ನೆಲಕ್ಕಿಂತ ಒಂದಡಿ ಕೆಳಗೆ ಹೋಗುವಷ್ಟು ಅಗೆಸಿದೆವು. ಪಾಯದ ತಳಕ್ಕಿಂತ ಆಳ ಮಾತ್ರ ಹೋಗಬಾರದು. ಅದರಲ್ಲಿ 4 ಇಂಚಿನ ತೂತು ಪೈಪ್, ತೂತು ಕೆಳಮುಖವಾಗಿ. ಸುತ್ತ 20 ಎಂಎಂ ಜಲ್ಲಿ, ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಮಣ್ಣು ಹೋಗಿ ಜಲ್ಲಿಯ ಸಂದೆಲ್ಲ ಕಟ್ಟಿಕೊಳ್ಳುತ್ತದೆ. 100 ಅಡಿಗೆ 1 ಅಡಿಯಾದರೂ ವಾಟ (ಇಳಿಜಾರು) ಬೇಕು. ಮೇಸ್ತ್ರಿ ಕಣ್ಣಂದಾಜು ಸಾಕು ಅಂದರೆ ಕೇಳಬೇಡಿ, ನೀರು ತುಂಬಿದ ಮಟ್ಟದ ಪೈಪ್ ಹಿಡಿದೇ ನೋಡಿಸಿ. ಎಲ್ಲಾ ಬೇಸಿಗೆಯಲ್ಲೇ ಆಗಬೇಕು, ಮಳೆಗಾಲದಲ್ಲಿ ಗುದ್ದಲಿ ಮುಟ್ಟಬೇಡಿ.

ಮಡಿಕೇರಿಯಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಚರಂಡಿಗೆ ಜಾಗ ಸಾಲದು ಎಂದು ಬರೆಯ (ನೀವು ಧರೆ ಅನ್ನುವುದರ) ಬುಡ ಕೆತ್ತಬೇಡಿ. ಮೇಲಿನ ಮಣ್ಣಿಗೆ ಆಧಾರವೇ ಅದು. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡವರು ನಾವು, ಈಗಲೂ ಜೋರು ಮಳೆಯ ರಾತ್ರಿ ಸರಿ ನಿದ್ದೆ ಇಲ್ಲ. ಬರೆಯ ಮೇಲೆ ಬಿರುಕು ಬಿಟ್ಟರೆ, ಮರ ವಾಲಿದರೆ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಸರಾದರೆ ಗೋಡೆಯ ಶೀತದ ಮಾತು ಬಿಡಿ, ಮನೆಯಿಂದ ಹೊರಗೆ ಬನ್ನಿ. ತಡೆಗೋಡೆ ಕಟ್ಟಿಸುವುದಾದರೆ ನೀರು ಬಸಿಯಲು ತೂತು ಬಿಡಿಸಿ, ಹಿಂದೆ ಜಲ್ಲಿ ತುಂಬಿಸಿ. ನಮ್ಮದಕ್ಕೆ ತೂತೇ ಇರಲಿಲ್ಲ, ಗೋಡೆ ಬಸುರಿ ಹೊಟ್ಟೆಯ ಹಾಗೆ ಉಬ್ಬಿತು.

ಸಿದ್ದಾಪುರದಿಂದ:
ಒಂದು ಸಣ್ಣ ಪರೀಕ್ಷೆ. ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಇದ್ದರೆ ಗೋಡೆಯಿಂದ ಬಂದ ನೀರು. ಮುಂದೆ ಇದ್ದರೆ ಕೋಣೆಯ ಗಾಳಿಯದ್ದು, ಅದಕ್ಕೆ ಕಿಟಕಿ ತೆಗೆದಿಡುವುದೇ ಮದ್ದು. ಚರಂಡಿ ಸರಿಯಾದ ಮೇಲೆ ಒಳಗಿನ ಸಿಮೆಂಟ್ ಗಾರೆ ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ. ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ, ಸುಣ್ಣ ಆರಲು ಬಿಡುತ್ತದೆ.

ಕೇಳಿದವರು:
ಇವತ್ತು ಮಳೆಯಲ್ಲಿ ಹೋಗಿ ನಿಂತಿದ್ದೆ. ಸ್ನಾನದ ಮನೆ ನೀರಿನ ಇಂಗುಗುಂಡಿ ಇರುವುದು ಮನೆಯ ಮೇಲ್ಬದಿಯಲ್ಲಿ, ಒದ್ದೆ ಗೋಡೆಯಿಂದ ಹನ್ನೆರಡು ಹೆಜ್ಜೆ. ತುಂಬಿ ತುಳುಕುತ್ತಿತ್ತು. ಮೂರು ವರ್ಷದ ಹಿಂದೆ ನಾವೇ ತೋಡಿಸಿದ್ದು. ಶೀತ ಶುರುವಾಗಿದ್ದೂ ಆ ವರ್ಷವೇ!